ಅಡ್ಡ ಹಾಕಿದ ಸೊಪ್ಪು

ದಿಂಬಂನ ಟೀ ಅಂಗಡಿಯಲ್ಲಿ ಎರಡು ಗ್ಲಾಸು ಟೀ ಕುಡಿದರೂ ಪುಟ್ಟಬಸಪ್ಪನಿಗೆ ಮೈ ಬಿಸಿಯಾಗಲಿಲ್ಲ. ಮಾಗಿಯ ಚಳಿ, ಬೆಟ್ಟದ ತುದಿ, ಸಾಲದ್ದಕ್ಕೆ ಮಂಜು. ಎದುರಿಗೇ ನಿಂತಿದ್ದ ಬಿದಿರಿನ ಲಾರಿ ಕಾಣುತ್ತಿರಲಿಲ್ಲ. ಆದರೆ ಅವನ ನಡುಕಕ್ಕೆ ಚಳಿಯೊಂದೇ ಕಾರಣ ಅಂದರೆ ಅದು ಸುಳ್ಳಾದೀತು. ಆ ಮನುಷ್ಯ ಏಳು ವರ್ಷದಿಂದ ಹೊತ್ತುಕೊಂಡು ಬಂದ ಸುಳ್ಳೇ ಸಾಕು, ನಾವೂ ಒಂದು ಸೇರಿಸುವುದು ಬೇಡ.

ಅಂಗಡಿಯ ಹೊರಗೆ ದೊಣ್ಣೆಗೆ ಒರಗಿ ನಿಂತು ಟೀ ಕುಡಿಯುತ್ತಿದ್ದವನು ಮಾದು. ಕಾಡಂಚಿನ ಪೋಡಿನವನು, ಅಂದರೆ ಸೋಲಿಗರ ಹಾಡಿಯವನು. ಚಿಕ್ಕಂದಿನಿಂದ ಪುಟ್ಟಬಸಪ್ಪನ ಮನೆಯ ದನ ಕಾಯ್ದವನು. ಅವನ ಎಡಗಾಲು ಮೊಣಕಾಲಿನ ಕೆಳಗೆ ಸೊಟ್ಟ. ಕುಕ್ಕರಗಾಲಲ್ಲಿ ಕೂರಲು ಆಗುವುದಿಲ್ಲ, ಅದಕ್ಕೇ ನಿಂತಿದ್ದ.

ಮಾರನೇ ದಿನ ಓಟ. ಪ್ರತಿವರ್ಷ ಸಂಕ್ರಾಂತಿ ಕಳೆದ ಮೂರನೇ ದಿನ ದಿಂಬಂನಿಂದ ತಿಗನಾರೆಯವರೆಗೆ, ರಸ್ತೆ ಬಿಟ್ಟು ಕಾಡಿನೊಳಗಿನ ಕಾಲುದಾರಿಯಲ್ಲಿ ಐದು ಹರದಾರಿ ಓಡುವ ಪಂದ್ಯ. ನಡೆಸುವವರು ತಿಗನಾರೆಯ ಯುವಕರ ಸಂಘದವರು. ಗೆದ್ದವನಿಗೆ ಹೆಸರು ಕೊರೆಸಿದ ಎವರ್‌ಸಿಲ್ವರ್ ಕೊಡ. ಅದರ ಹಿಂದಿನ ದಿನ ಇಬ್ಬರು ನಡೆದುಹೋಗಿ ದಾರಿಗೆ ಸೊಪ್ಪು ಹಾಕಬೇಕು.

ಸೊಪ್ಪು ಹಾಕುವುದು ಅಂದರೇನು ಅಂತ ಹೇಳಿಬಿಡುತ್ತೇನೆ. ಕಾಡಿನಲ್ಲಿ ಸುಣ್ಣದ ಗೆರೆ ಎಳೆದರೆ ಬೆಳಗಿನ ಇಬ್ಬನಿಗೆ ಅಳಿಸಿಹೋಗುತ್ತದೆ. ಬಟ್ಟೆ ಕಟ್ಟಿದರೆ ಕೋತಿಗಳು ಬಿಟ್ಟಾವೆಯೆ? ಅದಕ್ಕೇ ದಾರಿ ಕವಲೊಡೆಯುವ ಕಡೆ, ಹೋಗಬಾರದ ದಾರಿಗೆ ಅಡ್ಡಲಾಗಿ ಹಸಿ ಸೊಪ್ಪಿನ ಕೊಂಬೆಯೊಂದನ್ನು ಮುರಿದು ಹಾಕಿ ಮೇಲೊಂದು ಕಲ್ಲು ಇಡುತ್ತಾರೆ. ಇದು ಓಟಕ್ಕೆಂದು ಹುಟ್ಟಿದ ಪದ್ಧತಿಯಲ್ಲ. ಆ ಸೀಮೆಯಲ್ಲಿ ಸಂತೆಗೆ ಹೋಗುವವರು, ಜೇನು ಕೀಳುವವರು, ದನ ಕಾಯುವವರು ಎಲ್ಲರೂ ಹಿಂದೆ ಬರುವವರಿಗಾಗಿ ಬಿಟ್ಟುಹೋಗುವ ಗುರುತು. ಮುಂದೆ ಆನೆ ಇರಬಹುದು, ಹಳ್ಳ ಬಂದಿರಬಹುದು, ಮರ ಬಿದ್ದಿರಬಹುದು. ಸೊಪ್ಪು ಬಿದ್ದಿದ್ದರೆ ಸುಮ್ಮನೆ ಇನ್ನೊಂದು ದಾರಿ ಹಿಡಿಯಬೇಕು. ಯಾಕೆಂದು ಯಾರೂ ಕೇಳುವುದಿಲ್ಲ, ಹಾಕಿದವರು ಯಾರೆಂದೂ ಕೇಳುವುದಿಲ್ಲ. ಸುಳ್ಳು ಸೊಪ್ಪು ಹಾಕುವವನು ಇನ್ನೂ ಹುಟ್ಟಿಲ್ಲ ಅನ್ನುವುದು ಅಲ್ಲಿಯ ಮಾತು.

ಹುಟ್ಟಿದ್ದ. ಟೀ ಅಂಗಡಿಯ ಬೆಂಚಿನ ಮೇಲೆ ಕೂತು ನಡುಗುತ್ತಿದ್ದ.

"ಒರಡನ್ವಾ ಬುದ್ದಿ? ಒತ್ತಾಯ್ತದ," ಅಂದ ಮಾದು.

ಇಬ್ಬರೂ ಕಾಡಿಗೆ ಇಳಿದರು. ಮಾದು ಮುಂದೆ, ದೊಣ್ಣೆ ಊರುತ್ತಾ, ಮಾರಿಗೊಮ್ಮೆ ಸಿಳ್ಳೆ ಹಾಕುತ್ತಾ. ಮನುಷ್ಯರು ಬರುತ್ತಿದ್ದೇವೆ ಅಂತ ಮೃಗಗಳಿಗೆ ತಿಳಿಸುವ ಸಿಳ್ಳೆ ಅದು. ಪುಟ್ಟಬಸಪ್ಪ ಕಂಬಳಿ ಹೊದ್ದು, ಮಚ್ಚು ಹಿಡಿದು ಹಿಂದೆ. ಇಷ್ಟು ವರ್ಷ ಸೊಪ್ಪು ಹಾಕುತ್ತಿದ್ದವರು ಊರಿನ ಹಿರಿಯ ಸಿದ್ದಮಲ್ಲಪ್ಪನವರು. ಕಾರ್ತಿಕದಲ್ಲಿ ಅವರು ತೀರಿಕೊಂಡರು. ಹಾಸಿಗೆ ಹಿಡಿದಾಗ ಪುಟ್ಟಬಸಪ್ಪನನ್ನು ಕರೆಸಿ, "ಇನ್ಮ್ಯಾಲ ಸೊಪ್ಪ ಆಕದು ನಿಂದು ಕಣಪ್ಪ. ಮಾದೂನ ಜೊತೆಗ ಕರ್ಕಂಡೋಗು. ಬ್ಯಾರೆ ಯಾರ್ನೂ ಬ್ಯಾಡ," ಅಂದಿದ್ದರು. ಅಂದು ಸುಮ್ಮನೆ ಅವನ ಮುಖವನ್ನೇ ನೋಡಿದ್ದರು. ಮುದುಕರಿಗೆ ಗೊತ್ತಿತ್ತು. ಗೊತ್ತಿದ್ದೂ ಏಳು ವರ್ಷ ಬಾಯಿ ಬಿಡದೆ, ಹೋಗುವಾಗ ಕೈಗೆ ಸೊಪ್ಪು ಕೊಟ್ಟು ಹೋದರು.

ಇವತ್ತು ಹೇಳಿಬಿಡಬೇಕು ಅಂತ ಪುಟ್ಟಬಸಪ್ಪ ಮನೆಯಿಂದ ಹೊರಡುವಾಗಲೇ ತೀರ್ಮಾನ ಮಾಡಿದ್ದ. ಇಂಥ ತೀರ್ಮಾನಗಳನ್ನು ಅವನು ಹಿಂದೆಯೂ ಬಹಳ ಮಾಡಿದ್ದ ಅನ್ನಿ.

ಏಳು ವರ್ಷದ ಹಿಂದಿನ, ಎಪ್ಪತ್ತೊಂಬತ್ತನೇ ಇಸವಿಯ ಓಟ ಅದು. ಪುಟ್ಟಬಸಪ್ಪನಿಗೆ ಇಪ್ಪತ್ತೆರಡು. ಗೆಟ್ಟವಾಡಿಯ ಶಿವಮಲ್ಲಮ್ಮನನ್ನು ಗೊತ್ತುಮಾಡಿ ಹದಿನೈದು ದಿನ ಆಗಿತ್ತು. ಭಾವೀ ಮಾವ, ಭಾವಮೈದುನರು ಎಲ್ಲ ಓಟ ನೋಡಲು ಗಾಡಿ ಕಟ್ಟಿಸಿಕೊಂಡು ಬಂದು ತಿಗನಾರೆಯ ಅರಳಿಕಟ್ಟೆಯ ಮೇಲೆ ಕೂತಿದ್ದರು. "ನಮ್ಮುಡ್ಗ ಗಾಳಿ ಇದ್ದಂಗ ಓಡ್ತನ" ಅಂತ ಅಪ್ಪ ಬೇರೆ ಕೊಚ್ಚಿಕೊಂಡಿದ್ದರು. ಹುಡುಗ ಓಡುತ್ತಿದ್ದದ್ದು ನಿಜ. ಆದರೆ ಅವನಿಗಿಂತ ಮಾದು ಜೋರು ಅನ್ನುವುದು ದನಗಳಿಗೂ ಗೊತ್ತಿತ್ತು. ತಪ್ಪಿಸಿಕೊಂಡ ಕರುವನ್ನು ಹಿಡಿಯಲು ಇಬ್ಬರೂ ಒಟ್ಟಿಗೆ ಓಡಿದರೆ, ಪುಟ್ಟಬಸಪ್ಪ ಮುಟ್ಟುವ ಹೊತ್ತಿಗೆ ಮಾದು ಕರುವಿನ ಕೊರಳಿಗೆ ಹಗ್ಗ ಹಾಕಿ ಆಗಿರುತ್ತಿತ್ತು. ಗೆದ್ದವನನ್ನು ಈರೋಡಿನ ದೊಡ್ಡ ಪಂದ್ಯಕ್ಕೆ ಕಳಿಸುತ್ತಾರೆ ಅಂತ ಆ ವರ್ಷ ಸಂಘದವರು ಹೇಳಿದ್ದರು. ಆವತ್ತಿನಿಂದ ಮಾದೂಗೆ ನಿದ್ದೆಯಲ್ಲೂ ಈರೋಡು.

ಮೂರು ಹರದಾರಿಯ ಹೊತ್ತಿಗೆ ಉಳಿದವರೆಲ್ಲ ಸುಸ್ತಾಗಿ ಓಟ ಬಿಟ್ಟಿದ್ದರು. ಅಲ್ಲಿಯವರೆಗೆ ಮಾದುವೇ ಮುಂದಿದ್ದ. ಬರಿಗಾಲು. ಕಾರೆಮುಳ್ಳು ತುಳಿದು, ಕೂತು ಅದನ್ನು ಕೀಳುವಷ್ಟರಲ್ಲಿ ಸತ್ಯಮಂಗಲದಿಂದ ತಂದ ಕ್ಯಾನ್ವಾಸ್ ಬೂಟು ತೊಟ್ಟ ಪುಟ್ಟಬಸಪ್ಪ ದಾಟಿ ಮುಂದೆ ಹೋದ. ಖುಷಿಯೋ ಖುಷಿ. ಆದರೆ ಎಷ್ಟು ಹೊತ್ತು? ಸ್ವಲ್ಪ ಹೊತ್ತಿಗೆ ಹಿಂದಿನಿಂದ ಸಿಳ್ಳೆ ಕೇಳಿತು. ಮತ್ತೆ ಕೇಳಿದಾಗ ಇನ್ನೂ ಹತ್ತಿರ. ಮನೆಯ ದನ ಕಾಯುವವನು ಮಾವನ ಕಣ್ಣೆದುರಿಗೆ ತನ್ನನ್ನು ಹಿಂದೆ ಹಾಕಿ ಅರಳಿಕಟ್ಟೆ ಮುಟ್ಟುವುದನ್ನು ಪುಟ್ಟಬಸಪ್ಪ ಆಗಲೇ ಮನಸ್ಸಿನಲ್ಲಿ ನೋಡಿಬಿಟ್ಟ. ಎದುರಿಗೆ ಕವಲು ಬಂತು. ಬಲಗಡೆಯ ದಾರಿಗೆ ಸಿದ್ದಮಲ್ಲಪ್ಪನವರು ಹಾಕಿದ ಲಕ್ಕಿಸೊಪ್ಪು, ಮೇಲೊಂದು ಕಲ್ಲು. ಅವನು ನಿಂತ. ಸೊಪ್ಪು ಎತ್ತಿ ಎಡಗಡೆಯ ದಾರಿಗೆ ಅಡ್ಡ ಹಾಕಿದ. ಕಲ್ಲನ್ನೂ ಮರೆಯದೆ ಇಟ್ಟ. ಸೊಪ್ಪು ದಾಟಿ ಓಡಿದ. ಅಷ್ಟೇ ಕೆಲಸ, ಎಲೆಯಡಿಕೆ ಹಾಕಿಕೊಳ್ಳುವಷ್ಟು ಹೊತ್ತೂ ಹಿಡಿಯಲಿಲ್ಲ.

ಬಲಗಡೆಯ ದಾರಿಯಲ್ಲಿ ಇದ್ದದ್ದು ಬಿಳಿಯರ ಕಾಲದಲ್ಲಿ ಆನೆ ಹಿಡಿಯಲು ತೋಡಿದ ಗುಂಡಿ. ಮೇಲೆ ಲಂಟಾನ ಬೆಳೆದು ಮುಚ್ಚಿಕೊಂಡಿತ್ತು.

ಸಂಜೆ ಹುಡುಕಿಕೊಂಡು ಹೋದವರು ಗುಂಡಿಯಿಂದ ಮಾದುವನ್ನು ಎತ್ತಿದಾಗ ಅವನ ಎಡಗಾಲಿನ ಮೂಳೆ ಚರ್ಮ ಹರಿದು ಹೊರಗೆ ಬಂದಿತ್ತು. ಆ ನೋವಿನಲ್ಲೂ ಅವನು ಹುಡುಕಿದ್ದು ಪುಟ್ಟಬಸಪ್ಪನ ಮುಖವನ್ನು. "ಬುದ್ದಿ, ಸೊಪ್ಪ ಕಂಡೆ ಕಣಿ. ನಮ್ಮ ಬುದ್ದಿಯೋರು ಮುಂದ್ಗಡ ಆನ ಕಂಡು ನನಗೋಸ್ಕರ ಆಕವ್ರ ಅಂತ ಈ ಕಡ ತಿರೀಕಂಡೆ. ಗುಂಡಿ ನೆಪ್ಪಾಗ್ನಿಲ್ಲ. ಆನ ಇತ್ತಲ್ವಾ?"

ಎಲ್ಲರೂ ಪುಟ್ಟಬಸಪ್ಪನ ಕಡೆ ತಿರುಗಿದರು.

"ಊಂ," ಅಂದ ಅವನು.

ದೇವರ ಆಟ ನೋಡಿ, ಅದೇ ಸಂಜೆ ಹುಲ್ಲು ಕೊಯ್ಯಲು ಹೋದ ಹೆಂಗಸರು ಎಡಗಡೆಯ ದಾರಿಯ ಹಳ್ಳದಲ್ಲಿ ಒಂಟಿ ಸಲಗ ಕಂಡು ಕಿರುಚಿಕೊಂಡು ಓಡಿಬಂದರು. ಇನ್ನೇನು ಬೇಕು? ಪುಟ್ಟಬಸಪ್ಪ ತಾನು ಗೆಲ್ಲುವ ಆತುರದಲ್ಲೂ ನಿಂತು, ಹಿಂದೆ ಬರುವವನ ಜೀವ ಉಳಿಸಿದ ಅಂತ ಊರೆಲ್ಲ ಮಾತು. ಸಿದ್ದಮಲ್ಲಪ್ಪನವರು ಮಾತ್ರ, "ಗುಂಡಿ ದಾರಿಗ ನಾ ಆಕಿದ್ದ ಸೊಪ್ಪು?" ಅಂತ ಕೇಳಿದರು. ಕಡವೆ ತಿಂದಿರಬೇಕು ಅಂದ ಪುಟ್ಟಬಸಪ್ಪ. "ಕಲ್ಲ್ನೂ ತಿಂತಾ?" ಅಂದರು ಅವರು. ಮತ್ತೆ ಆ ಮಾತು ಎತ್ತಲಿಲ್ಲ.

ಪುಟ್ಟಬಸಪ್ಪ ಈರೋಡಿಗೆ ಹೋದ. ಹತ್ತೊಂಬತ್ತನೆಯವನಾಗಿ ಬಂದು, ಮೈದಾನದ ಅಂಚಿನಲ್ಲಿ ವಾಂತಿ ಮಾಡಿಕೊಂಡು ವಾಪಸಾದ. ಹೆಸರು ಕೊರೆಸಿದ ಕೊಡ ಮನೆಗೆ ಬಂತು. ಶಿವಮಲ್ಲಮ್ಮ ಬಂದ ಮೇಲೆ ಕುಡಿಯುವ ನೀರು ಅದರಲ್ಲೇ. ಬಗ್ಗಿ ನೀರು ಮೊಗೆಯುವಾಗೆಲ್ಲ ಅವನ ಹೆಸರು ಅವನ ಮುಖಕ್ಕೇ ಬರುತ್ತಿತ್ತು. ಬಾವಿಯ ನೀರು ಉಪ್ಪಾಗಿದೆ ಅಂತ ಅವನು ಹೆಂಡತಿಯ ಮೇಲೆ ರೇಗುತ್ತಿದ್ದ. ನೀರಿಗೆ ಏನೂ ಆಗಿರಲಿಲ್ಲ.

ಮಾದುವಿನ ಕಾಲನ್ನು ನಾಟಿ ವೈದ್ಯರು ಕಟ್ಟಿದರು. ಅದು ಸೊಟ್ಟಗೇ ಕೂಡಿಕೊಂಡಿತು. ಅವನಿಗೆ ಅದರ ಬೇಸರವೇ ಇಲ್ಲ ಅನ್ನುವಂತಿದ್ದ. ಪ್ರತಿ ಪುಷ್ಯದಲ್ಲಿ ಕುಂಟಿಕೊಂಡು ಬೆಟ್ಟ ಹತ್ತಿ, ಕಾಡುನೆಲ್ಲಿಕಾಯಿ ಆರಿಸಿ, ಟವೆಲ್ಲಿನಲ್ಲಿ ಗಂಟು ಕಟ್ಟಿ ತಂದುಕೊಡುತ್ತಿದ್ದ. "ಕಾಲೋದ್ರ ಓಯ್ತು, ಜೀವ ನಿಮ್ದು ಬುದ್ದಿ" ಅನ್ನುತ್ತಿದ್ದ. ಬಯ್ದಿದ್ದರೆ ತಡೆದುಕೊಳ್ಳಬಹುದಿತ್ತು. ಆ ನೆಲ್ಲಿಕಾಯಿಗಳನ್ನು ಪುಟ್ಟಬಸಪ್ಪ ಏಳು ವರ್ಷದಲ್ಲಿ ಒಂದನ್ನೂ ಬಾಯಿಗೆ ಹಾಕಿರಲಿಲ್ಲ.

ಮಂಜು ಹರಿದು, ಹೊತ್ತು ನೆತ್ತಿಗೆ ಬರುವಾಗ ಅದೇ ಕವಲು ಎದುರಿಗೆ ಬಂತು. ಮಾದು ನಿಂತು, ಬಲಗಡೆಯ ದಾರಿ ನೋಡಿ ನಕ್ಕ. "ನಮ್ಮಪ್ಪನ್ ಮನ ಇದ್ದಂಗ ಈ ಗುಂಡಿ" ಅಂದು ಲಕ್ಕಿಗಿಡದ ಕೊಂಬೆಗೆ ಕೈ ಹಾಕಿದ.

"ಮಾದ, ಅವತ್ತು ನಾ ಆನ ಕಾಣ್ನಿಲ್ಲ ಕಣ."

"ಕಾಣ್ದಿದ್ರೇನ್ ಬುದ್ದಿ, ಸದ್ದಾರ ಕೇಳಿರ್ತದಲ್ಲ."

"ಸದ್ದೂ ಇಲ್ಲ, ಲದ್ದಿನೂ ಇಲ್ಲ. ನಿನ್ನ ಸಿಳ್ಳೊಂದೇ ಕೇಳ್ತಿದ್ದುದು. ಸಿದ್ದಮಲ್ಲಪ್ಪಾರು ಗುಂಡಿ ದಾರಿಗ ಆಕಿದ್ದ ಸೊಪ್ಪ ಎತ್ತಿ ಈ ದಾರಿಗ ನಾನೇ ಆಕ್ದೆ. ನೀ ಗೆದ್ದುಬುಟ್ಟಿಯಾ ಅಂತ ಆಕ್ದೆ."

ಮಾದುವಿನ ಕೈ ಕೊಂಬೆಯ ಮೇಲೆಯೇ ಉಳಿಯಿತು. ಹಾಗೇ ಕೇಳಿದ: "ಗುಂಡಿ ಇರದು ನಿಮ್ಗ ಮರ್ತೋಗಿತ್ತಾ?"

ಪಾಪ, ತಪ್ಪಿಸಿಕೊಳ್ಳಲು ಒಂದು ಸಂದು ಅವನೇ ತೆಗೆದುಕೊಟ್ಟ. ಪುಟ್ಟಬಸಪ್ಪ ಏಳು ವರ್ಷ ತನಗೆ ತಾನೇ ಹೇಳಿಕೊಂಡಿದ್ದೂ ಅದೇ ಮಾತು: ಗುಂಡಿ ನೆನಪಿರಲಿಲ್ಲ, ದಾರಿ ತಪ್ಪಲಿ ಅಂದುಕೊಂಡೆನೇ ಹೊರತು ಬೀಳಲಿ ಅಂದುಕೊಳ್ಳಲಿಲ್ಲ. ಆದರೆ ಆ ಗುಂಡಿಯ ಹೆಸರು ಹೇಳಿ ಹೆದರಿಸಿಯೇ ಅಜ್ಜಿ ಅವನಿಗೆ ತುತ್ತು ತಿನ್ನಿಸಿದ್ದು.

"ಇಲ್ಲ ಮಾದ. ಗೊತ್ತಿತ್ತು."

ಮಾದು ಕೊಂಬೆ ಬಿಟ್ಟ. ತನ್ನ ಕಾಲನ್ನು ಒಮ್ಮೆ ನೋಡಿಕೊಂಡ, ಬೇರೆ ಯಾರದೋ ಕಾಲು ನೋಡುವವನಂತೆ.

"ನಮ್ಮವ್ವ ಚೌಡಮ್ಮ ಸ್ವಾಮಾರ ಸ್ವಾಮಾರ ನಿಮ್ಮೆಸ್ರೇಳಿ ಮಾದಪ್ಪಂಗ ದೂಪ ಆಕ್ತಳ ಬುದ್ದಿ," ಅಂದ. "ಇನ್ನ ನಾ ಅವಳ್ಗ ಏನೇಳನ?"

ಪುಟ್ಟಬಸಪ್ಪ ಕಾಲಿಗೆ ಬೀಳಲು ಬಗ್ಗಿದ. ಮಾದು ಬೆಚ್ಚಿ ಹಿಂದೆ ಸರಿದ. "ಬ್ಯಾಡಿ, ಅದೊಂದ ಬ್ಯಾಡಿ. ಇಲ್ಲೀದು ನೀವಾಕಿ. ನಾ ಮುಂದ್ಗಡ ಓಯ್ತಿರ್ತೀನಿ." ತಿರುಗಿ ಎಡಗಡೆಯ ದಾರಿಯಲ್ಲಿ ನಡೆದ. ಈ ಸಲ ಸಿಳ್ಳೆ ಇರಲಿಲ್ಲ. ದೊಣ್ಣೆ ಊರುವ ಸದ್ದು ಅಷ್ಟು ದೂರ ಕೇಳಿ ನಿಂತುಹೋಯಿತು.

ಪುಟ್ಟಬಸಪ್ಪ ಗುಂಡಿ ದಾರಿಗೆ ಸೊಪ್ಪು ಹಾಕಿ, ಎತ್ತಲಾರದಂಥ ಕಲ್ಲು ಉರುಳಿಸಿ ತಂದಿಟ್ಟ. ಹೇಳಿದ ಮೇಲೆ ಎದೆ ಹಗುರಾಗುತ್ತದೆ ಅಂತ ಯಾರು ಹೇಳಿದರೋ ಕಾಣೆ. ಅವನಿಗೆ ಹಾಗೇನೂ ಆಗಲಿಲ್ಲ. ಅಲ್ಲೇ ಕೂತು ಒಬ್ಬನೇ ಅತ್ತ. ಆಮೇಲೆ ಮುಖ ಒರೆಸಿಕೊಂಡು ಎದ್ದ.

ಅರ್ಧ ಹರದಾರಿ ನಡೆದರೆ ಮತ್ತೊಂದು ಕವಲು. ಓಟದ ದಾರಿ ಹಳ್ಳಕ್ಕೆ ಇಳಿದು ಬಿದಿರಿನೊಳಗೆ ಹೋಗುತ್ತದೆ. ಇನ್ನೊಂದು ದಾರಿ ಏರು ಹತ್ತಿ, ಬಂಡೆ ಸುತ್ತಿಕೊಂಡು ಹೋಗಿ ಅದನ್ನೇ ಸೇರುತ್ತದೆ. ಸೊಪ್ಪು ಬೀಳಬೇಕಾದದ್ದು ಏರುದಾರಿಗೆ. ಆದರೆ ಬಿದ್ದದ್ದು ಹಳ್ಳದ ದಾರಿಗೆ. ಹಸಿ ಲಕ್ಕಿಸೊಪ್ಪು, ಮುರಿದ ಕಡೆ ಇನ್ನೂ ರಸ ಒಸರುತ್ತಿತ್ತು. ಮೇಲೆ ಒಂದಲ್ಲ, ಎರಡು ಕಲ್ಲು.

ಪುಟ್ಟಬಸಪ್ಪ ಅದನ್ನು ನೋಡುತ್ತಾ ನಿಂತ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಹಾಗೆ ಅವನಿಗೆ ತೋರಿದ್ದು ಒಂದೇ. ಓಹೋ, ತೀರಿಸಿಕೊಳ್ಳುತ್ತಿದ್ದಾನೆ. ನಾನು ಮಾಡಿದ್ದನ್ನೇ ನನಗೆ ಮಾಡುತ್ತಿದ್ದಾನೆ. ಏರುದಾರಿಯಲ್ಲಿ ಏನಿದೆಯೋ, ಯಾವ ಬಂಡೆಯ ಸಂದಿಯಲ್ಲಿ ಕರಡಿ ಮಲಗಿದೆಯೋ, ಕಾಡಿನವನಿಗೆ ಗೊತ್ತಿಲ್ಲದ್ದೇನು? ನ್ಯಾಯವೇ ಅನ್ನಿಸಿತು, ಆದರೂ ಜೀವ ಯಾರಿಗೆ ಬೇಡ? ಅವನು ಸೊಪ್ಪು ದಾಟಿ ಹಳ್ಳಕ್ಕೆ ಇಳಿದ.

ಇಪ್ಪತ್ತು ಮಾರು ಹೋಗಿರಲಿಲ್ಲ. ಬಿದಿರು ಪಟಪಟನೆ ಮುರಿಯಿತು. ಮೆಳೆಯೇ ಎದ್ದು ಬಂದಂತೆ ಆನೆ ಹೊರಗೆ ಬಂತು. ಹಿಂದೆ ಮರಿಯೂ ಇತ್ತು.

ಆಮೇಲೆ ಪುಟ್ಟಬಸಪ್ಪ ಓಡಿದ. ಅವತ್ತಿನ ಓಟದಲ್ಲಿ ಕೊಡಕ್ಕಾಗಿ, ಮಾವನಿಗಾಗಿ ಓಡಿದ್ದ. ಇವತ್ತು ಬರೀ ಉಸಿರಿಗಾಗಿ. ಹಿಂದಿನಿಂದ ಘೀಳು, ನೆಲ ಅದುರುವ ಸದ್ದು. ಹೊದ್ದಿದ್ದ ಕಂಬಳಿ ಕಿತ್ತು ಹಿಂದಕ್ಕೆ ಎಸೆದ. ಆನೆ ನಿಂತು ಕಂಬಳಿ ತುಳಿಯುವಷ್ಟು ಹೊತ್ತು ಸಿಕ್ಕಿತು. ಹಳ್ಳ ದಾಟಿ, ಸೊಂಟದವರೆಗಿನ ಲಂಟಾನ ಸೀಳಿಕೊಂಡು, ಕಲ್ಲುಬಂಡೆಗಳ ಏರನ್ನು ಕೈಕಾಲು ಎರಡೂ ಊರಿ ಹತ್ತಿದ. ಪಂಚೆ ಮುಳ್ಳಿಗೆ ಉಳಿಯಿತು, ಒಂದು ಚಪ್ಪಲಿ ಕೆಸರಿಗೆ ಉಳಿಯಿತು. ಎದೆ ಒಡೆಯುತ್ತದೆ ಅನ್ನುವಾಗಲೂ ನಿಲ್ಲಲಿಲ್ಲ. ಎಷ್ಟು ದೂರ ಓಡಿದನೋ, ಕೊನೆಗೆ ಏರುದಾರಿಯ ಬಂಡೆಯ ಮೇಲೆ ಮುಖವಡಿಯಾಗಿ ಬಿದ್ದಾಗ ಹಿಂದೆ ಸದ್ದಿರಲಿಲ್ಲ. ಮರಿ ಇರುವ ಆನೆ, ಮರಿಯನ್ನು ಬಿಟ್ಟು ದೂರ ಬರಲಿಲ್ಲ.

ಮುಂದಿನಿಂದ ಮಾದು ಓಡಿಬರುತ್ತಿದ್ದ. ಹೌದು, ಓಡಿ. ಸೊಟ್ಟಗಾಲನ್ನು ಎಳೆದು ಎಸೆಯುತ್ತಾ, ದೊಣ್ಣೆಯಿಂದ ಮರಗಳಿಗೆ ಬಡಿಯುತ್ತಾ, ಗಂಟಲು ಹರಿಯುವಂತೆ ಕೂಗುತ್ತಾ. ಹತ್ತಿರ ಬಂದವನೇ ಪುಟ್ಟಬಸಪ್ಪನನ್ನು ಎತ್ತಿ ಕೂರಿಸಿ, ಎದೆ, ಬೆನ್ನು, ಕೈಕಾಲು ಎಲ್ಲ ತಡವಿ ನೋಡಿದ. ಅವನ ಕಣ್ಣಲ್ಲಿ ನೀರಿತ್ತು.

"ಸೊಪ್ಪ ಕಾಣ್ನಿಲ್ವಾ ಬುದ್ದಿ? ಎಲ್ಡು ಕಲ್ಲ್ ಮಡ್ಗಿದ್ನಲ್ಲಾ! ಮರಿಯಾನ ಅದ ಅಂತ್ಲೇ ಎಲ್ಡ್ ಮಡ್ಗ್ದೆ. ಕಾಣ್ನಿಲ್ವಾ?"

ಕಾಣಲಿಲ್ಲ ಅಂದಿದ್ದರೆ ಮುಗಿಯುತ್ತಿತ್ತು. ಕಣ್ಣೀರಲ್ಲಿ ದಾರಿ ಕಾಣಲಿಲ್ಲ ಅಂದಿದ್ದರೆ ಮಾದು ನಂಬುತ್ತಿದ್ದ; ಆ ಮನುಷ್ಯ ಏನನ್ನು ತಾನೇ ನಂಬುವುದಿಲ್ಲ? ‘ಊಂ’ ಅನ್ನುವಷ್ಟೇ ಸಲೀಸು. ಪುಟ್ಟಬಸಪ್ಪನ ನಾಲಗೆಯ ತುದಿಗೆ ಆ ಮಾತು ಬಂದೂ ಆಗಿತ್ತು.

"ಕಂಡೆ ಮಾದ," ಅಂದ. "ಕಂಡೇ ದಾಟ್ದೆ."

"ಯಾಕ?"

"ನೀ ತೀರಿಸ್ಕಂಡೆ ಅನ್ಕಂಡೆ."

ಮಾದುವಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಅವನ ಮುಖ ನೋಡಲಾಗಲಿಲ್ಲ. ಕವಲಿನಲ್ಲಿ ನಿಜ ಕೇಳಿದಾಗಲೂ ಅವನ ಮುಖ ಹಾಗಾಗಿರಲಿಲ್ಲ.

"ಸೊಪ್ಪಲ್ಲಾ?" ಅಂದ. "ಬಯ್ಬೋದಿತ್ತು. ಈ ದೊಣ್ಣೇಲಿ ತಲ ಒಡೀಬೋದಿತ್ತು. ಸೊಪ್ಪಲ್ಲಿ ಯಾರಾರ ಅಂತ ಕೆಲ್ಸ ಮಾಡ್ತರಾ ಬುದ್ದಿ?"

ಹೇಳಿದ ಮೇಲೆ, ಯಾರ ಮುಂದೆ ಹೇಳುತ್ತಿದ್ದೇನೆ ಅನ್ನುವುದು ಅವನಿಗೇ ನೆನಪಾಯಿತು. ತನ್ನ ಟವೆಲ್ಲನ್ನು ಸೊಂಟಕ್ಕೆ ಸುತ್ತಿಕೊಳ್ಳಲು ಕೊಟ್ಟ. ಯಾವುದೋ ಎಲೆ ಅರೆದು, ರಸವನ್ನು ಗಾಯಗಳಿಗೆ ಹಿಂಡಿದ. ಕೈ ಮೃದುವಾಗಿಯೇ ಇತ್ತು. ಆ ಮೃದುತನದಿಂದಲೇ ಪುಟ್ಟಬಸಪ್ಪನಿಗೆ ಹೆಚ್ಚು ಉರಿಯಿತು.

ನಾಳಿನ ಓಟ ನಿಲ್ಲುವಂತಿರಲಿಲ್ಲ. ಹಳ್ಳದ ದಾರಿ ಬಿಟ್ಟು ಏರುದಾರಿಯಲ್ಲೇ ಓಡಿಸುವುದು ಅಂತ ಇಬ್ಬರೂ ಎರಡೇ ಮಾತಿನಲ್ಲಿ ತೀರ್ಮಾನಿಸಿದರು. ಮುಂದಕ್ಕೆ ಹೊರಟಾಗ ಮಾದುವಿಗೆ ಹೆಜ್ಜೆ ಕಿತ್ತಿಡಲು ಆಗುತ್ತಿರಲಿಲ್ಲ. ಸೊಟ್ಟಗಾಲಿನಲ್ಲಿ ಹಾಗೆ ಓಡಿದರೆ ಮತ್ತೇನಾದೀತು? ಪುಟ್ಟಬಸಪ್ಪ ಹೆಗಲು ಕೊಡಲು ಹೋದ. ಮಾದು ಬೇಡ ಅಂತ ತಲೆಯಾಡಿಸಿ, "ನೀವ್ ಮುಂದ ನಡೀರಿ. ನಾ ಬತ್ತೀನಿ," ಅಂದ.

ಊರು ಇನ್ನು ಅರ್ಧ ಹರದಾರಿ ಇದೆ ಅನ್ನುವಾಗ ಕೊನೆಯ ಕವಲು. ಅಲ್ಲಿ ಆನೆಯೂ ಇಲ್ಲ, ಗುಂಡಿಯೂ ಇಲ್ಲ. ಬಲಗಡೆ ತಿಗನಾರೆ, ಎಡಗಡೆ ಬೇರೊಂದು ದೊಡ್ಡಿಗೆ ಹೋಗುವ ದನದ ದಾರಿ, ಅಷ್ಟೇ. ಪುಟ್ಟಬಸಪ್ಪ ಲಕ್ಕಿಯ ದೊಡ್ಡ ಕೊಂಬೆ ಮುರಿದ. ದನದ ದಾರಿಗೆ ಅಡ್ಡ ಹಾಕಿದ. ಒಂದು ಕಲ್ಲು ಇಟ್ಟು, ಸಾಲದು ಅನ್ನಿಸಿ ಇನ್ನೊಂದು ಇಟ್ಟ. ತುಸು ಮುಂದೆ ಹೋಗಿ ಕಾದು ನಿಂತ.

ಮಾದು ನಿಧಾನವಾಗಿ ಬಂದ. ಕವಲಿನಲ್ಲಿ ನಿಂತ. ಸೊಪ್ಪು ನೋಡಿದ, ಕಲ್ಲು ನೋಡಿದ. ತಲೆಯೆತ್ತಿ ಕರೆದ.

"ಬುದ್ದಿ..."

"ಏನ್ ಮಾದ?"

"ಇದು ದಿಟವಾ?"

ಆ ಸೀಮೆಯಲ್ಲಿ ಸೊಪ್ಪು ಕಂಡು ಯಾರೂ ಯಾರನ್ನೂ ಕೇಳಿದ ಮಾತಲ್ಲ ಅದು. ಮಾದುವಿನ ದನಿಯಲ್ಲಿ ಸಿಟ್ಟಿರಲಿಲ್ಲ, ಕೊಂಕಿರಲಿಲ್ಲ. ದಾರಿ ಗೊತ್ತಿದ್ದವನೇ, ಈ ಸೊಪ್ಪನ್ನು ನಂಬಬೇಕೋ ಬೇಡವೋ ಅನ್ನುವುದು ನಿಜವಾಗಿಯೂ ಗೊತ್ತಿಲ್ಲದೆ ಕೇಳುತ್ತಿದ್ದ.

"ದಿಟ ಕಣ ಮಾದ," ಅಂದ ಪುಟ್ಟಬಸಪ್ಪ. "ಬಾ."

ಮಾದು ದೊಣ್ಣೆ ಊರಿ, ಸೊಪ್ಪಿನ ಪಕ್ಕದಿಂದ ಹಾದು, ದನದ ದಾರಿಯಲ್ಲಿ ನಾಲ್ಕು ಹೆಜ್ಜೆ ಒಳಗೆ ಹೋಗಿ ಬಗ್ಗಿ ನೋಡಿದ. ನೋಡಿ, ತಿರುಗಿ, ಪುಟ್ಟಬಸಪ್ಪ ನಿಂತಿದ್ದ ದಾರಿಗೆ ಬಂದ.